ಮರಳುಗಾಡಿನ ಬೆಟ್ಟಕ್ಕೆ ಹಿಮ ಬೀಳುತ್ತದಂತೆ, ಎಲ್ಲಿ ನಿಂತು ಫೋಟೋ ತೆಗೆಯಲಿ?

ಮಲೆನಾಡು_ಟು_ಮರಳುಗಾಡು | ಬುಧವಾರ ಬೆಳಿಗ್ಗೆ

ನಮಸ್ಕಾರ. ನಾನಿರುವುದು ಅರಿಜೋನಾದ ಚಾಂಡ್ಲರ್‌ನಲ್ಲಿ. ನಾಳೆ ಕ್ಯಾಲಿಫೋರ್ನಿಯಾ ಕಡೆಯಿಂದ ದೊಡ್ಡ ಮಳೆ ಬರುತ್ತಿದೆ, ಜೊತೆಗೆ ಒಳ್ಳೇ ಚಳಿ. ಹಿಮದ ಮಟ್ಟ 3,000 ಅಡಿಗೆ ಇಳಿಯುತ್ತದೆ, ಕೆಲವು ಕಡೆ 2,500 ಅಡಿಗೂ ಬರಬಹುದು ಎಂದು ಹವಾಮಾನದವರು ಹೇಳುತ್ತಿದ್ದಾರೆ. ಫೀನಿಕ್ಸ್ ಊರೊಳಗೆ ಬರೀ ಮಳೆ, ಅದು ಗೊತ್ತು. ಆದರೆ ಸೂಪರ್‌ಸ್ಟಿಷನ್ ಬೆಟ್ಟದ ತುದಿ 5,000 ಅಡಿ ದಾಟುತ್ತದೆ. ಅಂದರೆ ಮೇಲಿನ ಅರ್ಧ ಬೆಳ್ಳಗಾಗಲೇಬೇಕು, ಅಲ್ವಾ?

ಶುಕ್ರವಾರ ರಜಾ ಹಾಕಿದ್ದೇನೆ. ಲಾಸ್ಟ್ ಡಚ್‌ಮನ್ ಪಾರ್ಕಿನಲ್ಲಿ ಬೆಳಕು ಹರಿಯುವ ಮೊದಲೇ ಟ್ರೈಪಾಡ್ ಊರಬೇಕು ಎಂದು ಪ್ಲಾನು. 16-35 ವೈಡ್ ಲೆನ್ಸ್ ಇದೆ, ದೂರದ್ದನ್ನು ಹತ್ತಿರ ತರುವ ಹಳೇ 70-200 ಟೆಲಿ ಒಂದಿದೆ. ಪ್ರಶ್ನೆ ಎರಡೇ. ಜಾಗ ಸರಿಯಾ? ಹಿಮಕ್ಕೆ ಎಕ್ಸ್‌ಪೋಷರ್ ಹೇಗೆ ಇಡುವುದು? ಆಗುಂಬೆ ಮಳೆಯಲ್ಲಿ ಫೋಟೋ ತೆಗೆದು ಗೊತ್ತು, ಹಿಮದ್ದು ಗೊತ್ತಿಲ್ಲ.

ಪ್ಲಸ್_ಎರಡು

ಎಕ್ಸ್‌ಪೋಷರ್ ಸುಲಭ. ಪ್ಲಸ್ ಎರಡು ಸ್ಟಾಪ್ ಇಟ್ಟುಬಿಡಿ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು), ಮುಗೀತು. ಕ್ಯಾಮೆರಾದ ಮೀಟರ್ ಏನನ್ನು ಕಂಡರೂ ನಡುಬೂದು ಮಾಡಲು ನೋಡುತ್ತದೆ. ಬಿಳಿ ಹಿಮ ಕಂಡರೆ ಕತ್ತಲು ಮಾಡಿ ಬೂದಿ ಬಣ್ಣ ತರುತ್ತದೆ. ಅದಕ್ಕೇ ಎಲ್ಲರೂ ಪ್ಲಸ್ ಹಾಕುವುದು.

ಕಳ್ಳಿಗಿಡ

ಎಕ್ಸ್‌ಪೋಷರ್ ಆಮೇಲೆ. ಮೊದಲು ಜಾಗದ ಮಾತು.

ಲಾಸ್ಟ್ ಡಚ್‌ಮನ್ ಪಾರ್ಕ್ ಇರುವುದು ಬೆಟ್ಟದ ಪಶ್ಚಿಮಕ್ಕೆ. ಬೆಳಿಗ್ಗೆ ಸೂರ್ಯ ಬೆಟ್ಟದ ಬೆನ್ನಿನಿಂದ ಬರುತ್ತಾನೆ. ನೀವು ನೋಡುವ ಮುಖ ಪೂರ್ತಿ ನೆರಳು, ಹಿಂದಿನ ಆಕಾಶ ಕಣ್ಣು ಕುಕ್ಕುವಷ್ಟು ಬೆಳಕು. ಬೆಟ್ಟದ ಆ ಮುಖ ಕೆಂಪಾಗುವುದು ಸಂಜೆ. ಪೋಸ್ಟ್‌ಕಾರ್ಡಿನಲ್ಲಿ ನೋಡುವ ಫೋಟೋಗಳೆಲ್ಲ ಸಂಜೆಯವು.

ತಾಪತ್ರಯ ಏನೆಂದರೆ ಹಿಮ ಸಂಜೆವರೆಗೆ ಕಾಯುವುದಿಲ್ಲ. ಇಲ್ಲಿಯ ಬಿಸಿಲು ನಿಮಗೇ ಗೊತ್ತು. ಮೋಡ ಸರಿದರೆ ದಕ್ಷಿಣಕ್ಕೆ ಮುಖ ಮಾಡಿದ ಬಂಡೆಗಳು ಮಧ್ಯಾಹ್ನದೊಳಗೆ ಒಣಗಿ ಕೂತಿರುತ್ತವೆ. ಬೆಳಕಿದ್ದಾಗ ಹಿಮ ಇಲ್ಲ, ಹಿಮ ಇದ್ದಾಗ ಬೆಳಕಿಲ್ಲ. ಈ ಬೆಟ್ಟದ ಹಿಮದ ಫೋಟೋ ಅಷ್ಟು ಅಪರೂಪ ಆಗಿರುವುದು ಇದೇ ಕಾರಣಕ್ಕೆ.

ದಾರಿ ಎರಡಿವೆ. ಒಂದು, ಗುರುವಾರ ಸಂಜೆಯೇ ಹೋಗಿ ಕಾಯುವುದು. ಮಳೆಯ ಮುಂಭಾಗ ದಾಟಿದ ಮೇಲೆ ಪಶ್ಚಿಮದಲ್ಲಿ ಮೋಡ ಕಿತ್ತರೆ ಕೊನೆಯ ಹತ್ತು ನಿಮಿಷ ಬೆಳಕು ನೇರ ಬೆಟ್ಟಕ್ಕೆ ಬಡಿಯುತ್ತದೆ. ಅದು ಜೂಜು. ಎರಡು, ಶುಕ್ರವಾರ ಬೆಳಿಗ್ಗೆ ಗೋಲ್ಡ್ ಕ್ಯಾನ್ಯನ್ ಕಡೆಗೆ, ಅಂದರೆ ಬೆಟ್ಟದ ದಕ್ಷಿಣಕ್ಕೆ ಹೋಗುವುದು. ಚಳಿಗಾಲದಲ್ಲಿ ಸೂರ್ಯ ಆಗ್ನೇಯದಲ್ಲಿ ಹುಟ್ಟುತ್ತಾನೆ, ಆ ಮುಖಕ್ಕೆ ಮೊದಲ ಬೆಳಕೇ ಸಿಗುತ್ತದೆ. ಹೆದ್ದಾರಿ 60ರಿಂದ ಎಡಕ್ಕೆ ಪೆರಾಲ್ಟಾ ರಸ್ತೆ. ಸ್ವಲ್ಪ ದೂರದ ನಂತರ ಮಣ್ಣುರಸ್ತೆ.

ಮಲೆನಾಡು_ಟು_ಮರಳುಗಾಡು

ಕಳ್ಳಿಗಿಡ ಸರ್, ಇದನ್ನು ಯೋಚನೆಯೇ ಮಾಡಿರಲಿಲ್ಲ. ಗುರುವಾರ ಸಂಜೆ ಮೀಟಿಂಗ್ ಇದೆ, ತಪ್ಪಿಸಲು ಆಗುವುದಿಲ್ಲ. ಹಾಗಾದರೆ ಗೋಲ್ಡ್ ಕ್ಯಾನ್ಯನ್.

ರಜಾ_ಅರ್ಜಿ

ಬೆಟ್ಟ ನೋಡಲು ರಜಾ ಕೊಡುವ ಮ್ಯಾನೇಜರ್ ಯಾರು ಗುರು? ನಮ್ಮ ಟೀಮಿಗೆ ಕಳಿಸಿ.

ಟೂಸಾನ್_ಅಕ್ಕ

ಫೀನಿಕ್ಸಿನವರು ಸೂಪರ್‌ಸ್ಟಿಷನ್ ಒಂದನ್ನೇ ಹಿಡಿದುಕೊಂಡು ಕೂರುತ್ತಾರೆ. ಇಲ್ಲಿ ಟೂಸಾನ್‌ಗೆ ಬನ್ನಿ. ನಮ್ಮ ಊರೇ 2,400 ಅಡಿ ಎತ್ತರದಲ್ಲಿದೆ. ಕ್ಯಾಟಲೀನಾ ಬೆಟ್ಟದ ನೆತ್ತಿ, ಅಂದರೆ ಮೌಂಟ್ ಲೆಮ್ಮನ್, 9,000 ಅಡಿ ಮೀರಿದೆ. ಅಲ್ಲಿ ಪ್ರತಿ ಚಳಿಗಾಲ ಹಿಮ ಬೀಳುತ್ತದೆ, ಅದು ದೊಡ್ಡ ಸುದ್ದಿ ಅಲ್ಲ. ಸುದ್ದಿ ಆಗುವುದು ಬೆಟ್ಟದ ಬುಡದ ಸವಾರೋ ಕಳ್ಳಿಗಳ ಮೇಲೆ ಬಿದ್ದಾಗ. 2019ರ ಫೆಬ್ರವರಿಯಲ್ಲಿ ಹಾಗೆ ಆಯಿತು. ಅದೇ ಮಳೆಗೆ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಒಂದೇ ದಿನ 35.9 ಇಂಚು ಬಿದ್ದು 1915ರ ದಾಖಲೆ ಮುರಿಯಿತು. ನಮ್ಮ ಬೀದಿಯ ಮಕ್ಕಳು ಪ್ಲಾಸ್ಟಿಕ್ ಬುಟ್ಟಿ ಮುಚ್ಚಳದ ಮೇಲೆ ಜಾರಾಡಿದರು.

ಒಂದು ಎಚ್ಚರಿಕೆ. ಹಿಮ ಬಿದ್ದಾಗ ಲೆಮ್ಮನ್ ಮೇಲೆ ಹೋಗುವ ಕ್ಯಾಟಲೀನಾ ಹೆದ್ದಾರಿಯನ್ನು ಬುಡದಲ್ಲೇ ಮುಚ್ಚುತ್ತಾರೆ. ಮೇಲೆ ಮನೆ ಇದ್ದವರನ್ನು ಮಾತ್ರ ಬಿಡುತ್ತಾರೆ. ಅದಕ್ಕೆ ಬೇಜಾರು ಬೇಡ, ಒಳ್ಳೇ ಫೋಟೋ ಇರುವುದು ಕೆಳಗೇ.

ರಾಸ್_ಅಲ್_ಖೈಮಾ_ರಾಘು

ನೀವೆಲ್ಲ ಪುಣ್ಯವಂತರು. ನಮ್ಮ ಯುಎಇಯ ಜೆಬೆಲ್ ಜೈಸ್ ಬೆಟ್ಟ 1,900 ಮೀಟರ್ ಇದ್ದರೂ ಹಿಮ ನೋಡಿದ್ದು ಬೆರಳೆಣಿಕೆ ಸಲ. 2009ರ ಜನವರಿಯಲ್ಲಿ ಒಮ್ಮೆ, 2017ರ ಫೆಬ್ರವರಿಯಲ್ಲಿ ಇನ್ನೊಮ್ಮೆ. 2017ರಲ್ಲಿ ಅಲ್ಲಿ ಸೊನ್ನೆಗಿಂತ ಕೆಳಗೆ 2 ಡಿಗ್ರಿ ಇತ್ತು. ಸುದ್ದಿ ಹಬ್ಬಿದ ಮೇಲೆ ದುಬೈನಿಂದ ಹೊರಟವರಿಗೆ ಸಿಗುವುದು ಕಾರುಗಳ ಸಾಲು ಮತ್ತು ಒದ್ದೆ ಬಂಡೆ. ಇಲ್ಲಿ ಒಂದು ಪಾಠ ಇದೆ: ಸುದ್ದಿ ನೋಡಿ ಹೊರಡಬೇಡಿ, ಮುನ್ಸೂಚನೆ ನೋಡಿ ಹೊರಡಿ. ಮಲೆನಾಡಿನವರು ಮಾಡುತ್ತಿರುವುದು ಸರಿ.

ಬೀದರ್_ಹುಡುಗ

ಅಲ್ಲರೀ, 2024ರಲ್ಲಿ ಸೌದಿ ಮರಳುಗಾಡು ಪೂರ್ತಿ ಹಿಮ ಅಂತ ವಾಟ್ಸಾಪಿನಲ್ಲಿ ವಿಡಿಯೋ ಬಂದಿತ್ತಲ್ಲ? ಒಂಟೆ ಎಲ್ಲ ಬಿಳಿ ನೆಲದಲ್ಲಿ ನಡೆಯುತ್ತಿದ್ದವು.

ರಾಸ್_ಅಲ್_ಖೈಮಾ_ರಾಘು

ಅಲ್-ಜೌಫ್ ಕಡೆಯದ್ದಾ? ಅದರಲ್ಲಿ ಬಹುಪಾಲು ಆಲಿಕಲ್ಲು. ಸೌದಿಯಲ್ಲಿ ನಿಜವಾದ ಹಿಮ ಬೇಕಾದರೆ ತಬೂಕ್ ಹತ್ತಿರದ ಜಬಲ್ ಅಲ್-ಲೌಝ್ ಇದೆ, 2,500 ಮೀಟರ್ ಮೇಲೆ. ಅಲ್ಲಿ ಚಳಿಗಾಲದಲ್ಲಿ ಆಗಾಗ ಬೀಳುತ್ತದೆ.

ಬೀದರ್_ಹುಡುಗ

ಆಲಿಕಲ್ಲು ಆದರೆ ಅಷ್ಟು ದೂರ ಯಾಕೆ? ನಮ್ಮ ಕಡೆ ಬೇಸಿಗೆಯಲ್ಲೇ ಬಿದ್ದು ಹೊಲ ಬೆಳ್ಳಗಾಗುತ್ತದೆ. ಫೋಟೋ ಚೆಂದ ಬರುತ್ತದೆ, ಬೆಳೆ ಹೋಗುತ್ತದೆ.

ಲೇಹ್_ಲೋಕೇಶ

ಮರುಭೂಮಿ, ಬೆಟ್ಟ, ಹಿಮ ಮೂರೂ ಬೇಕೆಂದರೆ ಲಡಾಖ್ ಇಲ್ವಾ? ಅಮೆರಿಕ, ಅರಬ್ ದೇಶ ಯಾಕೆ ಬೇಕು?

ಕಳ್ಳಿಗಿಡ

ಲಡಾಖ್ ಮರುಭೂಮಿ ಹೌದು. ಲೇಹ್‌ಗೆ ವರ್ಷಕ್ಕೆ ಸುಮಾರು 100 ಮಿ.ಮೀ. ಮಳೆ-ಹಿಮ, ಫೀನಿಕ್ಸಿಗಿಂತ ಕಡಿಮೆ. ಆದರೆ ಅಲ್ಲಿ ಚಳಿಗಾಲದ ಹಿಮ ಅಪರೂಪ ಅಲ್ಲ. ಸುತ್ತಲ ಶಿಖರಗಳಲ್ಲಿ ವರ್ಷವಿಡೀ ಬಿಳಿ ಕಾಣುತ್ತದೆ. ಇಲ್ಲಿ ಮಾತಾಡುತ್ತಿರುವುದು ಬೆಳಿಗ್ಗೆ ಬಂದು ಮಧ್ಯಾಹ್ನ ಹೋಗುವ ಹಿಮದ ಬಗ್ಗೆ. ಕೆಲಸವೇ ಬೇರೆ.

ಸುಮ್ನೆ_ನೋಡುವವಳು

ನನ್ನ ಅನುಭವ ಹೇಳುತ್ತೇನೆ. 2021ರ ಜನವರಿಯಲ್ಲಿ ಇಲ್ಲೇ ಸ್ಕಾಟ್ಸ್‌ಡೇಲ್ ಉತ್ತರಕ್ಕೆ ಹಿಮ ಬಿತ್ತು. ಮೈಕೊರೆಯುವ ಚಳಿಯಲ್ಲಿ ಹೋಗಿ ಬೆಟ್ಟದ ತುದಿಯನ್ನು ಝೂಮ್ ಮಾಡಿ ಚೆನ್ನಾಗಿ ತೆಗೆದೆ. ಬಿಳಿ ತುದಿ, ನೀಲಿ ಆಕಾಶ. ಮನೆಯ ಗ್ರೂಪಿಗೆ ಹಾಕಿದೆ. ದಾವಣಗೆರೆಯಿಂದ ಚಿಕ್ಕಮ್ಮನ ಉತ್ತರ: "ಮನಾಲಿಗೆ ಯಾವಾಗ ಹೋದ್ರೇ? ಹೇಳಲೇ ಇಲ್ಲ!" ಅತ್ತಿಗೆ "ಸ್ವೆಟರ್ ಚೆನ್ನಾಗಿದೆ" ಎಂದರು. ಅಷ್ಟೇ.

ಕಳ್ಳಿಗಿಡ

ಮೇಡಂ, ಚಿಕ್ಕಮ್ಮನವರದೇ ಸರಿಯಾದ ವಿಮರ್ಶೆ. ಬಿಳಿ ತುದಿ, ನೀಲಿ ಆಕಾಶ ಜಗತ್ತಿನ ಎಲ್ಲಾ ಕಡೆ ಸಿಗುತ್ತದೆ. ಮರುಭೂಮಿ ಫ್ರೇಮಿನೊಳಗೆ ಇಲ್ಲದಿದ್ದರೆ ಹಿಮಕ್ಕೆ ಬೆಲೆಯೇ ಇಲ್ಲ. ಸವಾರೋ ಬೇಕು, ಕೆಂಪು ಬಂಡೆ ಬೇಕು, ಹಿಮ ಎಲ್ಲಿ ನಿಂತಿತು ಅನ್ನುವ ಗೆರೆ ಬೇಕು. ನನ್ನ ಮಟ್ಟಿಗೆ ಆ ಗೆರೆಯೇ ಫೋಟೋದ ವಿಷಯ. ಕೆಳಗೆ ಹಸಿರು-ಕಂದು, ಮೇಲೆ ಬಿಳಿ, ನಡುವೆ ಕಾಯಿತುರಿ ಉದುರಿಸಿದ ಹಾಗೆ ಚೂರುಪಾರು. ಪೂರ್ತಿ ಬೆಳ್ಳಗಾದ ಬೆಟ್ಟಕ್ಕಿಂತ ಅರ್ಧ ಬೆಳ್ಳಗಾದ ಬೆಟ್ಟ ಮೇಲು.

ಸುಮ್ನೆ_ನೋಡುವವಳು

ಚಿಕ್ಕಮ್ಮನಿಗೆ ತಿಳಿಸುತ್ತೇನೆ, ಖುಷಿಪಡುತ್ತಾರೆ 😄

ಐಎಸ್‌ಒ_ನೂರು

ಹಾಗಾದರೆ 16-35 ಅನ್ನು ಕಾರಿನಲ್ಲೇ ಬಿಡಿ. ವೈಡ್ ಲೆನ್ಸಿನಲ್ಲಿ ಮುಂದಿರುವ ಕಳ್ಳಿ ದೊಡ್ಡದಾಗಿ, ಹಿಂದಿನ ಬೆಟ್ಟ ಗುಡ್ಡದಷ್ಟಾಗುತ್ತದೆ. ಹಿಮ ಚುಕ್ಕಿಯಾಗುತ್ತದೆ. ಕಳ್ಳಿಯಿಂದ ಇನ್ನೂರು-ಮುನ್ನೂರು ಅಡಿ ಹಿಂದೆ ಸರಿದು 70-200ರಲ್ಲಿ ನೋಡಿ. ಕಳ್ಳಿ ಮತ್ತು ಬೆಟ್ಟ ಒಂದರ ಬೆನ್ನಿಗೊಂದು ನಿಲ್ಲುತ್ತವೆ. ಅದು ಲೆನ್ಸಿನ ಮಾಯ ಅಲ್ಲ, ನೀವು ಹಿಂದೆ ಸರಿದದ್ದರ ಫಲ.

ಪ್ಲಸ್_ಎರಡು

ಸರಿ ಸರಿ. ಎಲ್ಲರೂ ಜಾಗದ ಬಗ್ಗೆಯೇ ಹೇಳಿದಿರಿ. ನನ್ನ ಪ್ಲಸ್ ಎರಡು ಬಗ್ಗೆ ಯಾರೂ ಮಾತಾಡಲಿಲ್ಲ, ಅಂದರೆ ಎಲ್ಲರೂ ಒಪ್ಪಿದ ಹಾಗೆ.

ಕಳ್ಳಿಗಿಡ

ಒಪ್ಪಿಲ್ಲ.

ಪ್ಲಸ್_ಎರಡು

ಯಾಕೆ ಸ್ವಾಮಿ? ಎಲ್ಲ ಕಡೆ ಹಾಗೇ ಹೇಳಿಕೊಡುತ್ತಾರೆ.

ಕಳ್ಳಿಗಿಡ

ಹೇಳಿಕೊಡುವವರು ಫ್ರೇಮ್ ತುಂಬ ಹಿಮ ಇರುವ ಜಾಗದವರು. ಇಲ್ಲಿ ಫ್ರೇಮಿನ ಕಾಲು ಭಾಗ ಹಿಮ ಇದ್ದರೆ ಹೆಚ್ಚು. ಉಳಿದದ್ದು ಬಂಡೆ, ಅದೂ ಒದ್ದೆ ಬಂಡೆ. ಒಣಗಿದಾಗ ತಿಳಿ ಕಂದು ಇರುವ ಕಲ್ಲು ಒದ್ದೆಯಾದಾಗ ಎಷ್ಟು ಕಪ್ಪಾಗುತ್ತದೆ ನೋಡಿ. ಪೂರ್ತಿ ಫ್ರೇಮ್ ಅಳೆಯುವ ಮೀಟರ್ ಆ ಕಪ್ಪನ್ನು ಕಂಡು ತಾನೇ ಬೆಳಕು ಜಾಸ್ತಿ ಮಾಡುತ್ತದೆ. ಅದರ ಮೇಲೆ ನೀವು ಪ್ಲಸ್ ಎರಡು ಹಾಕಿದರೆ ಹಿಮದಲ್ಲಿ ಏನೂ ಉಳಿಯುವುದಿಲ್ಲ, ಸುಣ್ಣ. ಕೆಲವು ಸಲ ಇಲ್ಲಿ ಮೈನಸ್ ಹಾಕಬೇಕಾಗುತ್ತದೆ.

ಪ್ಲಸ್_ಎರಡು

ಮೈನಸ್ಸಾ! ಹಿಮಕ್ಕೆ ಮೈನಸ್ ಹಾಕು ಅಂದವರನ್ನು ಇವತ್ತೇ ನೋಡಿದ್ದು.

ಐಎಸ್‌ಒ_ನೂರು

ಜಗಳ ಬೇಡ, ಇಬ್ಬರೂ ಸರಿ. ಸ್ಪಾಟ್ ಮೀಟರ್ ಇಟ್ಟು ಬಿಸಿಲು ಬಿದ್ದ ಹಿಮವನ್ನೇ ಅಳೆದರೆ ಪ್ಲಸ್ ಎರಡು ಸರಿ. ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ ಅವರ ವಲಯ ಪದ್ಧತಿಯಲ್ಲೂ (ಕಪ್ಪಿನಿಂದ ಬಿಳಿವರೆಗೆ ಒಂದೊಂದು ಸ್ಟಾಪಿಗೆ ಒಂದು ವಲಯ) ನಡುಬೂದು ಐದನೇ ವಲಯ, ಮೇಲ್ಮೈ ಕಾಣುವ ಹಿಮ ಏಳು ಅಥವಾ ಎಂಟು. ಅಂದರೆ ಎರಡರಿಂದ ಮೂರು ಸ್ಟಾಪ್ ಮೇಲೆ. ಪೂರ್ತಿ ಫ್ರೇಮ್ ಅಳೆದರೆ ಕಳ್ಳಿಗಿಡ ಹೇಳಿದಂತೆ. ಅಂಕಿ ಬಾಯಿಪಾಠ ಮಾಡುವ ಬದಲು ಕ್ಯಾಮೆರಾದಲ್ಲಿ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ನೋಡಿ, ಬೆಳಕು ಮಿತಿಮೀರಿದ ಕಡೆ ಮಿನುಗುವ ಎಚ್ಚರಿಕೆಯನ್ನು ಆನ್ ಮಾಡಿ. ಹಿಮ ಮಿನುಗಿದರೆ ಇಳಿಸಿ. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಫೈಲು) ಬಂಡೆಯ ನೆರಳನ್ನು ಆಮೇಲೆ ಎತ್ತಬಹುದು. ಬೆಳಕು ಮಿತಿಮೀರಿ ಸುಣ್ಣವಾದ ಹಿಮವನ್ನು ಯಾರಪ್ಪನೂ ವಾಪಸ್ ತರಲಾರ.

ಪ್ಲಸ್_ಎರಡು

ನಾನು ಯಾವಾಗಲೂ ಸ್ಪಾಟಿನಲ್ಲೇ ಅಳೆಯುವುದು. ಹೇಳಬೇಕಿತ್ತಾ?

ರಜಾ_ಅರ್ಜಿ

ಹೇಳಬೇಕಿತ್ತು.

ಫೋನ್_ಸಾಕು

ಇಷ್ಟೆಲ್ಲ ಯಾಕೆ? ಫೋನಿನಲ್ಲಿ ತೆಗೆದರೆ ಎಲ್ಲಾ ತಾನೇ ಸರಿಹೋಗುತ್ತದೆ.

ಟೂಸಾನ್_ಅಕ್ಕ

ಫೋನು ಜಾಸ್ತಿಯೇ ಸರಿಮಾಡುತ್ತದೆ ತಮ್ಮಾ, ಅದೇ ಕಷ್ಟ. ನೆರಳು ಎತ್ತುತ್ತದೆ, ಬೆಳಕು ಇಳಿಸುತ್ತದೆ, ಕೊನೆಗೆ ಬಂಡೆ ಹಿಮ ಎರಡೂ ಒಂದೇ ತೂಕ. ಫೋನೇ ಇದ್ದರೆ ಹೀಗೆ ಮಾಡು: ಹಿಮದ ಮೇಲೆ ಬೆರಳು ಒತ್ತಿ ಹಿಡಿ, ಲಾಕ್ ಆಗುತ್ತದೆ. ಆಮೇಲೆ ಪಕ್ಕದಲ್ಲಿ ಬರುವ ಸೂರ್ಯನ ಚಿಹ್ನೆಯನ್ನು ಸ್ವಲ್ಪ ಕೆಳಗೆ ಎಳಿ. ಝೂಮ್ ಮಾಡುವಾಗ ಟೆಲಿ ಲೆನ್ಸ್ ಇರುವಷ್ಟೇ ಹೋಗು, ಅದರಾಚೆ ಬೇಡ.

ಕೋಲಾರದವನು

ಲಾಸ್ಟ್ ಡಚ್‌ಮನ್ ಅಂದರೆ ಆ ಕಳೆದುಹೋದ ಚಿನ್ನದ ಗಣಿ ಕಥೆಯ ಜಾಗ ಅಲ್ವಾ? ಫೋಟೋ ಬಿಟ್ಟು ಅದನ್ನು ಹುಡುಕಿ. ನಮ್ಮ ಕೆಜಿಎಫ್ 2001ರಲ್ಲೇ ಮುಚ್ಚಿತು, ಈಗ ಇಲ್ಲಾದರೂ ಸಿಗಲಿ.

ಕಳ್ಳಿಗಿಡ

ಹೌದು, ಜೇಕಬ್ ವಾಲ್ಟ್ಜ್ ಎಂಬ ಜರ್ಮನ್ ಮುದುಕನ ಗಣಿ. ಆತ ಫೀನಿಕ್ಸಿನಲ್ಲಿ 1891ರಲ್ಲಿ ತೀರಿಕೊಂಡ. ಅಂದಿನಿಂದ ಜನ ಹುಡುಕುತ್ತಲೇ ಇದ್ದಾರೆ, ಕೆಲವರು ಬೆಟ್ಟದಲ್ಲೇ ಪ್ರಾಣ ಬಿಟ್ಟಿದ್ದಾರೆ. ಈಗ ಅದು ರಕ್ಷಿತ ಕಾಡು, ಗಣಿ ತೋಡುವಂತಿಲ್ಲ. ಸಿಕ್ಕರೂ ಉಪಯೋಗ ಇಲ್ಲ ಕೋಲಾರದವರೇ.

ಕೋಲಾರದವನು

ಸಿಕ್ಕರೆ ನಾನು ಯಾರಿಗೂ ಹೇಳುವುದೇ ಇಲ್ಲವಲ್ಲ.

ಟೂಸಾನ್_ಅಕ್ಕ

ಚಿನ್ನ ಆಮೇಲೆ. ಮಲೆನಾಡಿನ ತಮ್ಮ, ಸೂಪರ್‌ಸ್ಟಿಷನ್ ಬೆಟ್ಟದ ಫ್ಲ್ಯಾಟ್‌ಐರನ್ ಬಂಡೆ ಹತ್ತುವ ಯೋಚನೆ ಏನಾದರೂ ಇದ್ದರೆ ಬಿಟ್ಟುಬಿಡು. ಅಲ್ಲಿಗೆ ಹೋಗುವ ಸೈಫನ್ ಡ್ರಾ ದಾರಿಯ ಮೇಲ್ಭಾಗ ನುಣ್ಣನೆಯ ಬಂಡೆ. ಒಣಗಿದಾಗಲೇ ಕೈ ಊರಿ ಹತ್ತಬೇಕು. ಹಿಮ ಕರಗಿ ರಾತ್ರಿ ಮತ್ತೆ ಗಟ್ಟಿಯಾದರೆ ಗಾಜು.

ಇನ್ನೊಂದು, ಹಳ್ಳಗಳು. ವರ್ಷವಿಡೀ ಒಣಗಿರುವ ಹಳ್ಳ ಮಳೆ ಬಿದ್ದ ರಾತ್ರಿ ಕಾರು ಎಳೆದುಕೊಂಡು ಹೋಗುತ್ತದೆ. ತಡೆ ಹಾಕಿದ ರಸ್ತೆಯಲ್ಲಿ ನುಗ್ಗಿ ಸಿಕ್ಕಿಬಿದ್ದರೆ ರಕ್ಷಣೆಯ ಖರ್ಚನ್ನು ನಮ್ಮಿಂದಲೇ ವಸೂಲಿ ಮಾಡುವ ಕಾನೂನು ಈ ರಾಜ್ಯದಲ್ಲಿದೆ. ಜನ ಅದನ್ನು ಕರೆಯುವುದೇ ಸ್ಟುಪಿಡ್ ಮೋಟರಿಸ್ಟ್ ಲಾ ಎಂದು. ಫೋಟೋಗೋಸ್ಕರ ಆ ಬಿರುದು ಬೇಡ.

ರಜಾ_ಅರ್ಜಿ

ಬೆಂಗಳೂರಿನ ಅಂಡರ್‌ಪಾಸುಗಳಿಗೂ ಈ ಕಾನೂನು ತನ್ನಿ.

ಮಲೆನಾಡು_ಟು_ಮರಳುಗಾಡು | ಗುರುವಾರ ರಾತ್ರಿ

ಮೀಟಿಂಗ್ ಮುಗಿಯಿತು. ಚಾಂಡ್ಲರ್‌ನಲ್ಲಿ ಮಳೆ ಜೋರು, 41 ಡಿಗ್ರಿ ಫ್ಯಾರನ್‌ಹೀಟ್. ಇದು ಒಳ್ಳೇದಾ ಕೆಟ್ಟದ್ದಾ?

ಕಳ್ಳಿಗಿಡ

ಒಳ್ಳೇದು. ಚಾಂಡ್ಲರ್ 1,200 ಅಡಿ ಎತ್ತರ. ಮೇಲೇರಿದಂತೆ ಸಾವಿರ ಅಡಿಗೆ ಮೂರರಿಂದ ಐದು ಡಿಗ್ರಿ ಇಳಿಯುತ್ತದೆ. ಅಂದಾಜು 3,500 ಅಡಿಯಲ್ಲಿ ನೀರು ಹೆಪ್ಪುಗಟ್ಟುವ ಮಟ್ಟ (32 ಡಿಗ್ರಿ). ಹಿಮ ಕರಗುವ ಮುಂಚೆ ಆ ಮಟ್ಟಕ್ಕಿಂತ ಇನ್ನೂ ಸಾವಿರ ಅಡಿಯಷ್ಟು ಕೆಳಗೆ ಇಳಿಯಬಹುದು. ಜೋರು ಮಳೆಯಾದರೆ ಚಳಿಯನ್ನು ಇನ್ನಷ್ಟು ಕೆಳಗೆ ಎಳೆಯುತ್ತದೆ. ನಾನು ಸಂಜೆ ಬೆಟ್ಟದ ಬುಡದ ಅಪಾಚೆ ಜಂಕ್ಷನ್ ಊರಿಗೆ ಹೋಗಿದ್ದೆ. ಮೋಡ ಕೀಳಲೇ ಇಲ್ಲ, ಬೆಟ್ಟವೇ ಕಾಣಲಿಲ್ಲ. ಚಹಾ ಕುಡಿದು ವಾಪಸ್ ಬಂದೆ. ಬೆಳಿಗ್ಗೆ ನಿಮ್ಮದು.

ಐಎಸ್‌ಒ_ನೂರು

ಲೆನ್ಸ್ ಒರೆಸುವ ಬಟ್ಟೆ ಎರಡು ಇಟ್ಟುಕೊಳ್ಳಿ, ಒಂದು ಒದ್ದೆಯಾಗುತ್ತದೆ. ಬ್ಯಾಟರಿ ಜೇಬಿನಲ್ಲಿ. ಕಾರಿನ ಹೀಟರ್ ಹಾಕಿಕೊಂಡು ಕಿಟಕಿಯಿಂದ ಟೆಲಿಯಲ್ಲಿ ತೆಗೆಯಬೇಡಿ, ಬಿಸಿಗಾಳಿಗೆ ಚಿತ್ರ ನಡುಗುತ್ತದೆ. ಪೋಲರೈಸರ್ ಇದ್ದರೆ ಒದ್ದೆ ಬಂಡೆಯ ಹೊಳಪು ತೆಗೆಯಲು ಹಾಕಿ, ಆಕಾಶಕ್ಕೆ ಬೇಡ.

ಟೂಸಾನ್_ಅಕ್ಕ

ಒಂದು ಬಾಚಣಿಗೆ ಕೂಡ. ಚೋಯಾ ಕಳ್ಳಿಯ ಮುಳ್ಳು ಪ್ಯಾಂಟಿಗೆ ಹತ್ತಿದರೆ ಕೈಯಲ್ಲಿ ಕೀಳಬೇಡ, ಕೈಗೂ ಹತ್ತುತ್ತದೆ. ಬಾಚಣಿಗೆ ತೂರಿಸಿ ಎಗರಿಸು.

ಮಲೆನಾಡು_ಟು_ಮರಳುಗಾಡು | ಶುಕ್ರವಾರ ಮಧ್ಯಾಹ್ನ

ಹೋಗಿ ಬಂದೆ. ಕೈ ಇನ್ನೂ ಮರಗಟ್ಟಿದೆ, ಆದರೂ ಬರೆಯುತ್ತೇನೆ.

ಪೆರಾಲ್ಟಾ ರಸ್ತೆಯ ಮಣ್ಣು ಶುರುವಾಗುವ ಕಡೆಯೇ ನಿಂತೆ. ಮುಂದೆ ಕೆಸರು, ನನ್ನದು ಸಣ್ಣ ಕಾರು. ಕತ್ತಲಲ್ಲಿ ಏನೂ ಕಾಣಲಿಲ್ಲ. ಬೆಳಕಾದಾಗ ಬೆಟ್ಟದ ಸೊಂಟಕ್ಕೆ ಮೋಡ, ಅದರ ಮೇಲೆ ತುದಿ ಮಾತ್ರ, ಪೂರ್ತಿ ಬಿಳಿ. ಸೂರ್ಯ ಬಂದ ಮೇಲೆ ಮೋಡ ಹರಿಯತೊಡಗಿತು. ಹಿಮದ ಗೆರೆ ನಾನು ಅಂದುಕೊಂಡದ್ದಕ್ಕಿಂತ ಕೆಳಗಿತ್ತು. ಬಂಡೆಯ ಪದರ ಪದರಕ್ಕೂ ಒಂದೊಂದು ಬಿಳಿ ಪಟ್ಟಿ. ಬಿಸಿಲಿನಲ್ಲಿ ಕಾಣದೇ ಇರುವ ಪದರಗಳು ಹಿಮದಿಂದ ಎದ್ದು ಕಂಡವು. ಈ ಬೆಟ್ಟವನ್ನು ದಿನಾ ಆಫೀಸಿಗೆ ಹೋಗುವಾಗ ದೂರದಿಂದ ನೋಡುತ್ತೇನೆ, ಅದರಲ್ಲಿ ಇಷ್ಟು ಮೆಟ್ಟಿಲಿವೆ ಎಂದು ಗೊತ್ತೇ ಇರಲಿಲ್ಲ.

ನಾನು ನಿಂತ ಜಾಗದಲ್ಲಿ ನೆಲಕ್ಕೆ ಹಿಮ ಇರಲಿಲ್ಲ, ಕಳ್ಳಿಗಳ ಮೇಲೆ ಮಾತ್ರ ಅಲ್ಪಸ್ವಲ್ಪ ಉಳಿದಿತ್ತು. ಸವಾರೋವಿನ ಉದ್ದುದ್ದ ಏಣುಗಳ ನಡುವಿನ ಗುಳಿಯಲ್ಲಿ ದಾರ ಎಳೆದ ಹಾಗೆ ಬಿಳಿ. ಉತ್ತರದ ಬದಿಯಲ್ಲಿ ಮಾತ್ರ. ದಕ್ಷಿಣದ ಬದಿ ಆಗಲೇ ತೊಟ್ಟಿಕ್ಕುತ್ತಿತ್ತು. ಚೋಯಾದಲ್ಲಿ ಹಿಮ ಕೊಂಬೆಗೆ ತಾಗಿಯೇ ಇಲ್ಲ. ಮುಳ್ಳಿನ ತುದಿಗಳ ಮೇಲೆ ತೇಲುತ್ತಾ ಕೂತಿದೆ, ಕೆಳಗಿನ ಹಸಿರು ಕಾಣುತ್ತದೆ. ಅದರೊಳಗಿಂದ ಒಂದು ಹಕ್ಕಿ ಕರಕರ ಎಂದು ಬೈಯುತ್ತಿತ್ತು.

ಮೂರು ಫೋಟೋ ಹಾಕಿದ್ದೇನೆ. ಒಂದು, ವೈಡ್, ರಸ್ತೆ ಸಮೇತ. ಎರಡು, 135 ಎಂಎಂನಲ್ಲಿ ಸವಾರೋ ಮತ್ತು ಹಿಂದೆ ಬೆಟ್ಟ. ಮೂರು, ಚೋಯಾ ಹತ್ತಿರದಿಂದ. ಬೈಯಿರಿ.

ಕಳ್ಳಿಗಿಡ

ಎರಡನೆಯದು! ಹಿಮದ ಗೆರೆ ಸವಾರೋದ ತಲೆಯ ಮಟ್ಟಕ್ಕೇ ಬಂದು ನಿಂತಿದೆ. ಬೇಕೆಂದೇ ಮಾಡಿದ್ದಾ?

ಮಲೆನಾಡು_ಟು_ಮರಳುಗಾಡು

ಬೇಕೆಂದೇ ಸರ್. ಕೂತು, ನಿಂತು, ಹಿಂದೆ ಸರಿದು ನೋಡಿದೆ. ಮೊಣಕಾಲೂರಿದಾಗ ಸರಿಹೋಯಿತು. ಬಾಚಣಿಗೆ ಉಪಯೋಗಕ್ಕೆ ಬಂತು ಅಕ್ಕಾ.

ಪ್ಲಸ್_ಎರಡು

ಎರಡನೆಯದರಲ್ಲಿ ನೆರಳಿನ ಹಿಮ ನೀಲಿಯಾಗಿದೆ. ವೈಟ್ ಬ್ಯಾಲೆನ್ಸ್ ತಪ್ಪು. ಹಿಮವನ್ನು ಕ್ಲಿಕ್ ಮಾಡಿ ಬಿಳಿ ಮಾಡಿ.

ಐಎಸ್‌ಒ_ನೂರು

ಮಾಡಬೇಡಿ! ನೆರಳಿನ ಹಿಮಕ್ಕೆ ಬೆಳಕು ಕೊಡುತ್ತಿರುವುದು ನೀಲಿ ಆಕಾಶ. ಅದು ನೀಲಿಯಾಗಿಯೇ ಇರಬೇಕು. ಅದನ್ನು ಬಿಳಿ ಮಾಡಿದರೆ ಬಿಸಿಲಿನ ಬಂಡೆ ಅರಿಶಿನವಾಗುತ್ತದೆ. ನೋಡಿದ ಹಾಗೆ ಬೇಕೆಂದರೆ ಹಗಲಿನ ಸೆಟ್ಟಿಂಗ್, 5,200 ಕೆಲ್ವಿನ್ ಆಸುಪಾಸು, ಅಲ್ಲೇ ಬಿಡಿ.

ಪ್ಲಸ್_ಎರಡು

ನೀಲಿ ಇರಲಿ, ಇಷ್ಟು ನೀಲಿ ಬೇಡ ಎಂದೆ.

ಸುಮ್ನೆ_ನೋಡುವವಳು

ಇಷ್ಟು ಅಂತ ನೀವು ಹೇಳಿರಲಿಲ್ಲ 🙂 ನನಗೆ ನೀಲಿಯೇ ಇಷ್ಟ. ಕೆಂಪು ಬಂಡೆಯ ಪಕ್ಕ ಎದ್ದು ಕಾಣುತ್ತಿದೆ.

ಟೂಸಾನ್_ಅಕ್ಕ

ನನ್ನ ಓಟು ಮೂರನೆಯದಕ್ಕೆ. ಬೆಟ್ಟ ಎಲ್ಲರೂ ತೆಗೆಯುತ್ತಾರೆ. ಮುಳ್ಳಿನ ಮೇಲೆ ಹಿಮ ನಿಂತಿರುವುದನ್ನು ಎಷ್ಟು ಜನ ಬಗ್ಗಿ ನೋಡುತ್ತಾರೆ? ಬೈದ ಹಕ್ಕಿ ಕ್ಯಾಕ್ಟಸ್ ರೆನ್ ಇರಬೇಕು. ಅರಿಜೋನಾದ ರಾಜ್ಯ ಪಕ್ಷಿ. ಚೋಯಾದಲ್ಲೇ ಗೂಡು ಕಟ್ಟುತ್ತದೆ.

ಬೀದರ್_ಹುಡುಗ

ಆ ಕಳ್ಳಿಗಳಿಗೆ ಏನೂ ಆಗುವುದಿಲ್ಲವಾ? ನಮ್ಮ ಕಡೆ ಆಲಿಕಲ್ಲು ಬಿದ್ದರೆ ಮಾವಿನಕಾಯಿ ಒಂದೂ ಉಳಿಯುವುದಿಲ್ಲ.

ಕಳ್ಳಿಗಿಡ

ಸವಾರೋಗೆ ಕೆಲವು ಗಂಟೆಯ ಚಳಿ ತಡೆಯುತ್ತದೆ. ಇಡೀ ದಿನ ಹೆಪ್ಪುಗಟ್ಟುವ ಚಳಿ ಹಿಡಿದರೆ ಕಷ್ಟ. ಏಟು ತಕ್ಷಣ ಕಾಣುವುದಿಲ್ಲ. ವಾರಗಳ ನಂತರ ತೋಳು ಜೋತುಬೀಳುತ್ತದೆ. ಕೆಲವು ಗಿಡ ಸಾಯುತ್ತವೆ, ಕೆಲವುಗಳ ಜೋತ ತೋಳು ತುದಿಯಲ್ಲಿ ಮತ್ತೆ ಮೇಲಕ್ಕೆ ತಿರುಗುತ್ತದೆ. ಸೊಟ್ಟಪಟ್ಟ ತೋಳಿನ ಹಳೇ ಸವಾರೋ ಕಂಡರೆ ಅದು ಎಂದೋ ಹಿಮಗಾಳಿಗೆ ಸಿಕ್ಕಿದ್ದು ಎಂದುಕೊಳ್ಳಿ. ಮೊದಲ ತೋಳು ಬರಲೇ ಐವತ್ತರಿಂದ ಎಪ್ಪತ್ತೈದು ವರ್ಷ ಬೇಕು, ಹಾಗಾಗಿ ಒಂದು ತೋಳು ಹೋದರೆ ಸಣ್ಣ ನಷ್ಟ ಅಲ್ಲ.

ಇದನ್ನು ಹೇಳಿದ್ದಕ್ಕೆ ಇನ್ನೊಂದು. ಹಿಮ ಬಿದ್ದ ದಿನ ಸವಾರೋ ಅಲ್ಲಾಡಿಸಿ ಹಿಮ ಉದುರಿಸುವ ವಿಡಿಯೋ ಮಾಡುವ ಯೋಚನೆ ಇದ್ದರೆ, ದಯವಿಟ್ಟು ಮಾಡಬೇಡಿ. ಅದಕ್ಕೆ ಕಾನೂನಿನ ರಕ್ಷಣೆ ಇದೆ. ಕಾನೂನು ಬಿಡಿ, ಅದು ಟನ್‌ಗಟ್ಟಲೆ ತೂಕದ ಗಿಡ, ಮೇಲೆ ಬಿದ್ದರೆ ಹಿಮದ ಫೋಟೋ ತೆಗೆಯಲು ನೀವೇ ಇರುವುದಿಲ್ಲ.

ಫೋನ್_ಸಾಕು

ನಾನೂ ಇವತ್ತು ಅಪಾಚೆ ಜಂಕ್ಷನ್‌ಗೆ ಹೋಗಿದ್ದೆ, ಹನ್ನೊಂದು ಗಂಟೆಗೆ. ಲಾಸ್ಟ್ ಡಚ್‌ಮನ್ ಪಾರ್ಕಿನ ಹೊರಗೆ ಕಾರುಗಳ ಸಾಲು. ಒಳಗೆ ಹೋಗುವಷ್ಟರಲ್ಲಿ ತುದಿಯ ಬಿರುಕುಗಳಲ್ಲಿ ಮಾತ್ರ ಬಿಳಿ ಉಳಿದಿತ್ತು. ಆದರೂ ಅಕ್ಕ ಹೇಳಿದ ಹಾಗೆ ಸೂರ್ಯನ ಚಿಹ್ನೆ ಎಳೆದೆ. ವ್ಯತ್ಯಾಸ ನಿಜ.

ರಾಸ್_ಅಲ್_ಖೈಮಾ_ರಾಘು

ಕಾರುಗಳ ಸಾಲು ಮತ್ತು ಒದ್ದೆ ಬಂಡೆ. ಹೇಳಿರಲಿಲ್ವಾ?

ಐಎಸ್‌ಒ_ನೂರು

ಶನಿವಾರ ಬಿಡುವಿದ್ದವರಿಗೆ: ಇನ್ನೂ ಮುಗಿದಿಲ್ಲ. ಫೋರ್ ಪೀಕ್ಸ್ 7,600 ಅಡಿ ಮೀರಿದೆ, ಅಲ್ಲಿ ಹಿಮ ಕೆಲವು ದಿನ ನಿಲ್ಲುತ್ತದೆ. ಬುಷ್ ಹೆದ್ದಾರಿ ಅಥವಾ ಸವಾರೋ ಕೆರೆ ಕಡೆಯಿಂದ ಸಂಜೆ ನೋಡಿ. ಪಶ್ಚಿಮದ ಬೆಳಕು ನೇರ ಬೀಳುತ್ತದೆ. ಮುಂದೆ ಕಳ್ಳಿ, ಹಿಂದೆ ನಾಲ್ಕು ಬಿಳಿ ತುದಿ. ನದಿ ಬದಿಯಲ್ಲಿ ಕಾರು ನಿಲ್ಲಿಸುವುದಾದರೆ ಟೊಂಟೊ ಪಾಸ್ (ಅಲ್ಲಿಯ ಸರ್ಕಾರಿ ಕಾಡಿನ ಪಾಸು) ಮೊದಲೇ ಕೊಂಡುಕೊಳ್ಳಿ, ಹೆಚ್ಚಿನ ಕಡೆ ಸ್ಥಳದಲ್ಲಿ ಮಾರುವುದಿಲ್ಲ.

ರಜಾ_ಅರ್ಜಿ

ಶನಿವಾರಕ್ಕೆ ರಜಾ ಅರ್ಜಿ ಬೇಡ. ನಾನು ಬರುತ್ತೇನೆ. ಮೀಸಾದಿಂದ ಯಾರಾದರೂ ಕಾರು?

ಕಳ್ಳಿಗಿಡ

ನಾನು ಎರಡೂವರೆಗೆ ಹೊರಡುತ್ತೇನೆ, ಹತ್ತಿಸಿಕೊಳ್ಳುತ್ತೇನೆ. ಟ್ರೈಪಾಡ್ ತನ್ನಿ, ಮಾತು ಕಡಿಮೆ ತನ್ನಿ.

ಸುಮ್ನೆ_ನೋಡುವವಳು

ಮಲೆನಾಡಿನವರೇ, ಎರಡನೇ ಫೋಟೋ ನಮ್ಮ ಕನ್ನಡ ಸಂಘದ ಕ್ಯಾಲೆಂಡರಿಗೆ ಕೊಡುತ್ತೀರಾ? ಜನವರಿ ಪುಟಕ್ಕೆ ಬೇಲೂರು ಹಾಕೋಣ ಎಂದಿದ್ದರು, ಪ್ರತಿ ವರ್ಷ ಬೇಲೂರೇ.

ಪ್ಲಸ್_ಎರಡು

ಪ್ರಿಂಟಿಗೆ ಕೊಡುವ ಮೊದಲು ನೀಲಿ ಕಡಿಮೆ ಮಾಡಿ.

ಐಎಸ್‌ಒ_ನೂರು

ನೀಲಿ ಮುಟ್ಟಬೇಡಿ. ಪ್ರಿಂಟಿನಲ್ಲಿ ನೋಡಬೇಕಾದದ್ದು ಬೇರೆ. ಪರದೆಯಲ್ಲಿ ಬೆಳಕು ಹಿಂದಿನಿಂದ ಬರುತ್ತದೆ, ಕಾಗದದಲ್ಲಿ ಬರುವುದಿಲ್ಲ. ಪರದೆಯ ಹೊಳಪನ್ನು ಅರ್ಧಕ್ಕೆ ಇಳಿಸಿ ನೋಡಿ, ಬಂಡೆ ಕಪ್ಪಾದರೆ ನೆರಳನ್ನು ಸ್ವಲ್ಪ ಎತ್ತಿ. ಹಿಮದ ಅತಿ ಬೆಳಕಿನ ಭಾಗ ಪೂರ್ತಿ 255 ಆಗದಿರಲಿ, ಇಲ್ಲದಿದ್ದರೆ ಅಲ್ಲಿ ಶಾಯಿಯೇ ಬೀಳುವುದಿಲ್ಲ, ಬರೀ ಕಾಗದ ಕಾಣುತ್ತದೆ. ಮೊದಲು ಒಂದು ಪುಟ ಮಾತ್ರ ತೆಗೆಸಿ ನೋಡಿ.

ಮಲೆನಾಡು_ಟು_ಮರಳುಗಾಡು

ಖಂಡಿತ ಕೊಡುತ್ತೇನೆ ಮೇಡಂ, ಇವತ್ತು ರಾತ್ರಿ ದೊಡ್ಡ ಫೈಲು ಕಳಿಸುತ್ತೇನೆ. ನೀಲಿ ಹಾಗೇ ಇರುತ್ತದೆ.

ಕೋಲಾರದವನು

ಒಂದನೇ ಫೋಟೋದಲ್ಲಿ ಬಂಡೆಯ ಎಡಗಡೆ ಏನೋ ಹೊಳೆಯುತ್ತಿದೆ. ಝೂಮ್ ಮಾಡಿ ನೋಡಿದಿರಾ?

ಮಲೆನಾಡು_ಟು_ಮರಳುಗಾಡು

ನೋಡಿದೆ. ಯಾರೋ ಬಿಟ್ಟುಹೋದ ಬಿಯರ್ ಡಬ್ಬಿ.